ಗ್ಲಾಸಿನಲ್ಲಿರುವ ಕ್ಯಾಲರಿ: ತೂಕ ಇಳಿಸಲು ಹೊರಟವರ ಪ್ರಶ್ನೆಗಳು

ಅನ್ನ ಎಷ್ಟು, ಮುದ್ದೆ ಎಷ್ಟು ಎಂದು ಕೇಳಿದರೆ ಎಲ್ಲರೂ ಹೇಳುತ್ತಾರೆ. ಸಂಜೆ ಏನು ಕುಡಿಯುತ್ತೀರಿ ಎಂದರೆ ಮಾತು ನಿಂತುಬಿಡುತ್ತದೆ. ಈ ಸಲ ಮೈಸೂರು, ಮಂಡ್ಯದ ಕೆಲವು ಓದುಗರು ಆ ವಿಷಯವನ್ನೇ ನೇರವಾಗಿ ಕೇಳಿದ್ದಾರೆ. ಆಹಾರ ತಜ್ಞೆಯೊಬ್ಬರು ಮತ್ತು ವೈದ್ಯರೊಬ್ಬರು ಸೇರಿ ಉತ್ತರಿಸಿದ್ದಾರೆ. ಕೇಳಿದವರ ಹೆಸರು ಬಿಟ್ಟು ಊರನ್ನು ಮಾತ್ರ ಕೊಟ್ಟಿದ್ದೇವೆ.

ನನಗೆ 38 ವರ್ಷ, ಬೆಲ್ಲದ ವ್ಯಾಪಾರ. ಎತ್ತರ 5 ಅಡಿ 7 ಅಂಗುಲ, ತೂಕ 84 ಕೆ.ಜಿ. ಮೂರು ತಿಂಗಳಿಂದ ರಾತ್ರಿ ಅನ್ನ ಬಿಟ್ಟು ಒಂದೇ ಮುದ್ದೆ ಉಣ್ಣುತ್ತಿದ್ದೇನೆ. ವಾರಕ್ಕೆ ಆರು ದಿನ ಬೆಳಿಗ್ಗೆ 4 ಕಿ.ಮೀ. ನಡೆಯುತ್ತೇನೆ. ಆದರೂ ಒಂದು ಕೆ.ಜಿ. ಇಳಿದಿಲ್ಲ. ವಾರದಲ್ಲಿ ನಾಲ್ಕು ಸಂಜೆ ಸ್ನೇಹಿತರ ಜೊತೆ ಒಂದು ಕ್ವಾರ್ಟರ್ ವಿಸ್ಕಿ, ಕೋಲಾ ಬೆರೆಸಿ. ಜೊತೆಗೆ ಕಬಾಬು, ಕಡ್ಲೆಕಾಯಿ ಬೀಜದ ಮಸಾಲೆ. ವಿಸ್ಕಿಯಲ್ಲಿ ಸಕ್ಕರೆ ಇಲ್ಲ, ಕೊಬ್ಬೂ ಇಲ್ಲ ಅಂತಾರೆ. ಹಾಗಾದರೆ ತಪ್ಪು ಎಲ್ಲಾಗ್ತಿದೆ? (ಮಂಡ್ಯ)

ವಿಸ್ಕಿಯಲ್ಲಿ ಸಕ್ಕರೆ, ಕೊಬ್ಬು ಇಲ್ಲ ಎಂಬುದು ನಿಜ. ಆದರೆ ಆಲ್ಕೋಹಾಲಿನಲ್ಲೇ ಕ್ಯಾಲರಿ ಇದೆ. ಒಂದು ಗ್ರಾಂ ಸಕ್ಕರೆಯಿಂದ 4 ಕ್ಯಾಲರಿ, ಒಂದು ಗ್ರಾಂ ಕೊಬ್ಬಿನಿಂದ 9, ಒಂದು ಗ್ರಾಂ ಆಲ್ಕೋಹಾಲಿನಿಂದ 7. ಅಂದರೆ ಅದು ಸಕ್ಕರೆಗಿಂತ ಕೊಬ್ಬಿಗೆ ಹತ್ತಿರ.

ಬಾಟಲಿಯ ಮೇಲೆ ಕ್ಯಾಲರಿ ಸಾಮಾನ್ಯವಾಗಿ ಬರೆದಿರುವುದಿಲ್ಲ. ಆಲ್ಕೋಹಾಲ್ ಶೇಕಡಾ ಎಷ್ಟು ಎಂಬುದು ಇರುತ್ತದೆ, ಲೆಕ್ಕಕ್ಕೆ ಅಷ್ಟು ಸಾಕು. ಕುಡಿದ ಮಿಲಿಲೀಟರನ್ನು ಆ ಶೇಕಡಾದಿಂದ ಗುಣಿಸಿ, 100ರಿಂದ ಭಾಗಿಸಿ, ಬಂದದ್ದನ್ನು 5.5ರಿಂದ ಗುಣಿಸಿ. ನಮ್ಮಲ್ಲಿ ಸಿಗುವ ವಿಸ್ಕಿ, ರಮ್, ಬ್ರಾಂದಿ, ವೋಡ್ಕಾ ಹೆಚ್ಚಿನವು ಶೇ. 42.8. ಹಾಗಾಗಿ 30 ಮಿ.ಲೀ.ಗೆ ಸುಮಾರು 70 ಕ್ಯಾಲರಿ, 60ಕ್ಕೆ 140, 90ಕ್ಕೆ 210, ನಿಮ್ಮ 180ರ ಕ್ವಾರ್ಟರ್‌ಗೆ 425. ಬ್ರಾಂಡ್ ಬದಲಾಯಿಸಿದರೆ, ವಿಸ್ಕಿ ಬಿಟ್ಟು ರಮ್ ಹಿಡಿದರೆ ಈ ಸಂಖ್ಯೆ ಬದಲಾಗುವುದಿಲ್ಲ.

ಈಗ ಒಂದು ಸಂಜೆಯ ಲೆಕ್ಕ ನೋಡಿ. ಕ್ವಾರ್ಟರ್ 425. 300 ಮಿ.ಲೀ. ಕೋಲಾದಲ್ಲಿ 30 ಗ್ರಾಂ ಮೀರಿದ ಸಕ್ಕರೆ, ಅದಕ್ಕೆ 130. 50 ಗ್ರಾಂ ಕಡ್ಲೆಕಾಯಿ ಬೀಜಕ್ಕೆ 280. ಎಣ್ಣೆಯಲ್ಲಿ ಕರಿದ ಕಬಾಬು ಒಂದು ಪ್ಲೇಟಿಗೆ, ಪ್ಲೇಟು ಎಷ್ಟು ದೊಡ್ಡದು ಎಂಬುದರ ಮೇಲೆ, 400ರಿಂದ 500. ಒಟ್ಟು 1,250 ದಾಟಿತು, ಮುದ್ದೆ ಊಟ ಇನ್ನೂ ಬಾಕಿ. ನಾಲ್ಕು ಸಂಜೆಗೆ 5,000ಕ್ಕೆ ಮೇಲೆ. ನಿಮ್ಮ 4 ಕಿ.ಮೀ. ನಡಿಗೆಯಲ್ಲಿ ಖರ್ಚಾಗುವುದು ಸುಮಾರು 250, ಆರು ದಿನಕ್ಕೆ 1,500. ನಡಿಗೆಯಲ್ಲಿ ದೋಷವಿಲ್ಲ, ಅದನ್ನು ಬಿಡಬೇಡಿ. ಇಷ್ಟನ್ನು ನಡೆದು ತೀರಿಸಲು ಆಗುವುದಿಲ್ಲ, ಅಷ್ಟೆ.

ಇನ್ನೊಂದು ಸಂಗತಿ ಇದೆ, ಅದು ಕ್ಯಾಲರಿ ಲೆಕ್ಕದಲ್ಲಿ ಕಾಣುವುದಿಲ್ಲ. ಆಲ್ಕೋಹಾಲನ್ನು ಕೂಡಿಡಲು ದೇಹದಲ್ಲಿ ಜಾಗವಿಲ್ಲ. ಹಾಗಾಗಿ ಯಕೃತ್ತು, ಅಂದರೆ ಲಿವರ್, ಬೇರೆಲ್ಲ ಕೆಲಸ ಹಿಂದಕ್ಕೆ ಹಾಕಿ ಮೊದಲು ಅದನ್ನು ಸುಡುತ್ತದೆ. ಗಂಟೆಗೆ ಅದು ವಿಲೇವಾರಿ ಮಾಡುವುದು ಸುಮಾರು 7ರಿಂದ 10 ಗ್ರಾಂ. ಕ್ವಾರ್ಟರಿನಲ್ಲಿರುವುದು 60 ಗ್ರಾಂ. ಎಂಟು ಗಂಟೆಗೆ ಕುಡಿಯಲು ಕೂತರೆ ನಸುಕಿನ ಎರಡು, ನಾಲ್ಕು ಗಂಟೆಯವರೆಗೂ ಅದೇ ಕೆಲಸ. ಅಷ್ಟು ಹೊತ್ತೂ ಕೊಬ್ಬು ಕರಗುವುದು ತೀರಾ ಕಡಿಮೆಯಾಗುತ್ತದೆ. ಜೊತೆಗೆ ತಿಂದ ಕಬಾಬಿನ ಎಣ್ಣೆ, ಬೀಜದ ಕೊಬ್ಬು ಖರ್ಚಾಗದೆ ನೇರ ಸಂಗ್ರಹಕ್ಕೆ ಹೋಗುತ್ತವೆ. ಕುಡಿದಾಗ ಸಾಕು ಅನ್ನಿಸುವ ತಡೆಯೂ ಸಡಿಲವಾಗುವುದರಿಂದ ಒಂದು ಪ್ಲೇಟು ಎರಡಾಗುತ್ತದೆ.

ಪೂರ್ತಿ ಬಿಟ್ಟರೆ ಎಲ್ಲಕ್ಕಿಂತ ಒಳ್ಳೆಯದು, ಅದನ್ನು ಮೊದಲು ಹೇಳಬೇಕು. ಸದ್ಯಕ್ಕೆ ಆಗುವುದಿಲ್ಲ ಅನ್ನುವುದಾದರೆ ಈ ಕ್ರಮದಲ್ಲಿ ಬದಲಾಯಿಸಿ. ಮೊದಲ ವಾರವೇ ಕೋಲಾ ತೆಗೆದು ಬರೀ ಸೋಡಾ ಅಥವಾ ನೀರು. ಅದೊಂದರಿಂದಲೇ ವಾರಕ್ಕೆ 500 ಕ್ಯಾಲರಿ ಉಳಿಯಿತು. ಆಮೇಲೆ ನಾಲ್ಕು ಸಂಜೆಯನ್ನು ಎರಡಕ್ಕೆ ಇಳಿಸಿ, ಕ್ವಾರ್ಟರ್ ಬದಲು 90ರ ಪ್ಯಾಕೆಟ್ ತನ್ನಿ. ಕ್ವಾರ್ಟರ್ ತಂದು ಅರ್ಧ ಉಳಿಸುತ್ತೇನೆ ಎಂಬ ಯೋಜನೆ ಸಾಮಾನ್ಯವಾಗಿ ಕೈಕೊಡುತ್ತದೆ, ತೆರೆದ ಬಾಟಲಿ ಮುಗಿಸಿಯೇ ಏಳುತ್ತಾರೆ. ಮನೆಯಲ್ಲಿ ಬಗ್ಗಿಸಿಕೊಳ್ಳುವವರು 30/60ರ ಪೆಗ್ ಅಳತೆ ಇಟ್ಟುಕೊಳ್ಳಿ. ಕಣ್ಣಳತೆಯಲ್ಲಿ ಒಂದು ಪೆಗ್ ಅಂದುಕೊಂಡದ್ದು ಸುಲಭವಾಗಿ ಒಂದೂವರೆ ಆಗಿರುತ್ತದೆ. ಹೊರಡುವ ಮುಂಚೆ ಮುದ್ದೆ ಸಾರೋ, ಎರಡು ಚಪಾತಿ ಪಲ್ಯವೋ ಉಂಡು ಹೊರಡಿ. ನಂಚಿಕೊಳ್ಳಲು ಬೇಯಿಸಿದ ಎರಡು ಮೊಟ್ಟೆ (150 ಕ್ಯಾಲರಿ), ಸೌತೆಕಾಯಿ, ಹೆಸರುಕಾಳಿನ ಉಸಲಿ, ಇಲ್ಲವೇ ಎಣ್ಣೆಯಲ್ಲಿ ಕರಿಯದೆ ಸುಟ್ಟ ಕೋಳಿ.

ಹೀಗೆ ಮಾಡಿದರೆ ಸಂಜೆಗೆ 400 ಕ್ಯಾಲರಿ, ವಾರಕ್ಕೆ 800. ಮೊದಲು 5,000 ಇದ್ದದ್ದು. ಒಂದು ಕೆ.ಜಿ. ಕೊಬ್ಬು ಎಂದರೆ ಸುಮಾರು 7,700 ಕ್ಯಾಲರಿ, ಹಾಗಾಗಿ ಕಾಗದದ ಮೇಲೆ ವಾರಕ್ಕೆ ಅರ್ಧ ಕೆ.ಜಿ. ಇಳಿಯಬೇಕು. ನಿಜದಲ್ಲಿ ಅದಕ್ಕಿಂತ ಸ್ವಲ್ಪ ಕಡಿಮೆ ಇಳಿಯುತ್ತದೆ. ಸೊಂಟದ ಸುತ್ತಳತೆಯನ್ನೂ ಬರೆದಿಡಿ. ನಮ್ಮ ದೇಶದ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮೀರಿದರೆ ಎಚ್ಚರಿಕೆ ಬೇಕು.

ನನಗೆ 45. ರಾತ್ರಿ ಊಟದ ಜೊತೆ ಒಂದು ಗ್ಲಾಸ್ ರೆಡ್ ವೈನ್ ಕುಡಿದರೆ ಕೊಬ್ಬು ಕರಗುತ್ತೆ, ಹೃದಯಕ್ಕೂ ಒಳ್ಳೆಯದು ಅಂತ ವಾಕಿಂಗ್ ಗೆಳತಿಯರು ಹೇಳ್ತಾರೆ. ಇದುವರೆಗೆ ಕುಡಿದಿಲ್ಲ. ಶುರು ಮಾಡಬಹುದಾ ಮೇಡಂ? ಪೋರ್ಟ್ ವೈನ್ ಸಿಹಿಯಾಗಿರುತ್ತೆ, ಅದು ಹೆಂಗಸರಿಗೆ ಒಗ್ಗುತ್ತೆ ಅಂತಾನೂ ಕೇಳಿದ್ದೇನೆ. (ಕುವೆಂಪುನಗರ, ಮೈಸೂರು)

ಬೇಡ. ಕುಡಿಯದವರು ಆರೋಗ್ಯಕ್ಕೆಂದು ಕುಡಿಯಲು ಶುರು ಮಾಡುವ ಕಾರಣ ಒಂದೂ ಇಲ್ಲ. ಆಲ್ಕೋಹಾಲಿಗೆ ಸುರಕ್ಷಿತ ಪ್ರಮಾಣ ಎಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಹೆಂಗಸರಿಗೆ ದಿನಕ್ಕೆ ಒಂದು ಗ್ಲಾಸಿನಷ್ಟರಿಂದಲೂ ಸ್ತನ ಕ್ಯಾನ್ಸರಿನ ಅಪಾಯ ಏರುತ್ತದೆ. ಒಂದೇ ಪ್ರಮಾಣ ಕುಡಿದರೂ ಹೆಂಗಸರ ರಕ್ತದಲ್ಲಿ ಆಲ್ಕೋಹಾಲ್ ಮಟ್ಟ ಹೆಚ್ಚು, ಏಕೆಂದರೆ ದೇಹದಲ್ಲಿ ನೀರಿನ ಅಂಶ ಗಂಡಸರಿಗಿಂತ ಕಡಿಮೆ.

ಕೊಬ್ಬು ಕರಗುವ ಮಾತು ಬಂದದ್ದು ಕೆಂಪು ದ್ರಾಕ್ಷಿಯ ಸಿಪ್ಪೆಯಲ್ಲಿರುವ ರೆಸ್ವೆರಟ್ರಾಲ್ ಎಂಬ ವಸ್ತುವಿನಿಂದ. ಒಂದು ಲೀಟರ್ ವೈನಿನಲ್ಲಿ ಅದು ಇರುವುದೇ ಕೆಲವು ಮಿಲಿಗ್ರಾಂ. ಪ್ರಯೋಗಾಲಯದಲ್ಲಿ ಇಲಿಗಳಿಗೆ ಕೊಡುವ ಪ್ರಮಾಣಕ್ಕೂ ಒಂದು ಗ್ಲಾಸಿನಲ್ಲಿ ಸಿಗುವುದಕ್ಕೂ ಹೋಲಿಕೆಯೇ ಇಲ್ಲ. ಆ ಗ್ಲಾಸಿನಲ್ಲಿ ನಿಶ್ಚಿತವಾಗಿ ಇರುವುದು ಕ್ಯಾಲರಿ: ಶೇ. 12.5ರ ಸಿಹಿಯಿಲ್ಲದ ವೈನ್ 150 ಮಿ.ಲೀ.ಗೆ ಸುಮಾರು 120. ಈಗ ತಿನ್ನುವುದರ ಮೇಲೆ ಅದನ್ನು ದಿನಾ ಸೇರಿಸಿದರೆ ತಿಂಗಳಿಗೆ 3,600, ಅಂದರೆ ಹತ್ತಿರ ಹತ್ತಿರ ಅರ್ಧ ಕೆ.ಜಿ. ಏರಿಕೆ.

ಪೋರ್ಟ್ ವೈನ್ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ದ್ರಾಕ್ಷಿ ರಸ ಹುದುಗುವಾಗ ಸಕ್ಕರೆ ಆಲ್ಕೋಹಾಲಾಗಿ ಬದಲಾಗುತ್ತದೆ. ಪೂರ್ತಿ ಹುದುಗಿದರೆ ಡ್ರೈ ವೈನ್, ಲೀಟರಿಗೆ ಉಳಿಯುವ ಸಕ್ಕರೆ ಕೆಲವೇ ಗ್ರಾಂ. ಪೋರ್ಟುಗಲ್ಲಿನ ಮೂಲ ಕ್ರಮದಲ್ಲಿ ಹುದುಗು ಅರ್ಧದಲ್ಲಿರುವಾಗಲೇ ದ್ರಾಕ್ಷಿಯ ಸ್ಪಿರಿಟ್ ಸುರಿದು ನಿಲ್ಲಿಸುತ್ತಾರೆ, ಹಾಗಾಗಿ 100 ಮಿ.ಲೀ.ನಲ್ಲಿ ಸುಮಾರು 10 ಗ್ರಾಂ ಸಕ್ಕರೆ ಉಳಿಯುತ್ತದೆ. ನಮ್ಮಲ್ಲಿ ಪೋರ್ಟ್ ಎಂದು ಮಾರುವ ಅಗ್ಗದ ವೈನುಗಳೂ ಸಿಹಿಯೇ. ಸಿಹಿ ಇರುವುದರಿಂದ ಖಾರವಾಗಿ ಗಂಟಲಿಗೆ ತಾಗುವುದಿಲ್ಲ, ಎಷ್ಟು ಕುಡಿದೆವೆಂದು ಗೊತ್ತಾಗುವುದಿಲ್ಲ. ಒಗ್ಗುತ್ತದೆ ಎನ್ನುವುದರ ಅರ್ಥ ಇಷ್ಟೇ.

ಈಗಾಗಲೇ ವೈನ್ ಕುಡಿಯುವ ಅಭ್ಯಾಸ ಇರುವ ಓದುಗರಿಗೆ ಒಂದು ಮಾತು. 750 ಮಿ.ಲೀ. ಬಾಟಲಿ ಎಂದರೆ 150ರ ಐದು ಗ್ಲಾಸು. ಅಗಲ ಬಾಯಿಯ ದೊಡ್ಡ ವೈನ್ ಗ್ಲಾಸಿನಲ್ಲಿ ಅರ್ಧದವರೆಗೆ ಬಗ್ಗಿಸಿದರೂ 200 ದಾಟಬಹುದು. ಒಮ್ಮೆ ಅಡುಗೆಮನೆಯ ಅಳತೆ ಕಪ್ಪಿನಿಂದ 150 ಮಿ.ಲೀ. ನೀರು ಹಾಕಿ ನೋಡಿ, ಅದು ಎಲ್ಲಿಗೆ ಬರುತ್ತದೋ ಅಲ್ಲಿಗೆ ಗ್ಲಾಸು ತುಂಬಿತು ಎಂದು ಇಟ್ಟುಕೊಳ್ಳಿ. ಗರ್ಭಿಣಿಯರು, ಮಗುವಿಗೆ ಪ್ರಯತ್ನಿಸುತ್ತಿರುವವರು ಒಂದು ಗುಟುಕೂ ಕುಡಿಯಬಾರದು.

ನನಗೆ 26, 75 ಕೆ.ಜಿ. ಜಿಮ್ಮಿಗೆ ಹೋಗ್ತೀನಿ, ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತೀನಿ. ಶನಿವಾರ ರಾತ್ರಿ ಎರಡು ಸ್ಟ್ರಾಂಗ್ ಬಿಯರ್. ಆ ಕ್ಯಾಲರಿ ಸರಿದೂಗಿಸೋಕೆ ಶನಿವಾರ ಮಧ್ಯಾಹ್ನದ ಊಟ ಬಿಡ್ತೀನಿ. ಇದು ಸರಿಯಾದ ವಿಧಾನ ತಾನೇ? (ಹೆಬ್ಬಾಳ, ಮೈಸೂರು)

ಊಟ ಬಿಡುವುದು ಇದರಲ್ಲಿ ಅತ್ಯಂತ ಕೆಟ್ಟ ಭಾಗ. ಬರಿ ಹೊಟ್ಟೆಯಲ್ಲಿ ಆಲ್ಕೋಹಾಲ್ ಬೇಗ ಸಣ್ಣ ಕರುಳಿಗೆ ಇಳಿದು ಬೇಗ ರಕ್ತ ಸೇರುತ್ತದೆ. ಲಿವರ್ ಆಲ್ಕೋಹಾಲ್ ಸುಡುವುದರಲ್ಲಿ ತೊಡಗಿರುವಾಗ ಹೊಸದಾಗಿ ಗ್ಲೂಕೋಸ್ ತಯಾರಿಸುವುದು ಕುಂಠಿತವಾಗುತ್ತದೆ. ಮಧ್ಯಾಹ್ನ ಉಣ್ಣದವರ ಲಿವರಿನಲ್ಲಿ ಮೊದಲೇ ದಾಸ್ತಾನು ಕಡಿಮೆ, ಆದ್ದರಿಂದ ರಕ್ತದ ಸಕ್ಕರೆ ಇಳಿದು ಕೈ ನಡುಕ, ಬೆವರು, ವಿಪರೀತ ಹಸಿವು. ರಾತ್ರಿ ಹನ್ನೊಂದಕ್ಕೆ ಗೋಬಿ ಮಂಚೂರಿ ಗಾಡಿ ಮುಂದೆ ನಿಲ್ಲುವಂತೆ ಮಾಡುವುದು ಈ ಹಸಿವೇ. ಬಿಟ್ಟ ಊಟ ದುಪ್ಪಟ್ಟಾಗಿ ವಾಪಸ್ ಬರುತ್ತದೆ.

650 ಮಿ.ಲೀ.ನ ಶೇ. 5ರ ಬಿಯರಿನಲ್ಲಿ ಆಲ್ಕೋಹಾಲಿನಿಂದ 180, ಧಾನ್ಯದ ಪಿಷ್ಟದಿಂದ ಸುಮಾರು 90, ಒಟ್ಟು 270 ಕ್ಯಾಲರಿ. ಸ್ಟ್ರಾಂಗ್ ಶೇ. 8 ಇದ್ದರೆ 370, 380ರ ಆಸುಪಾಸು. ಆ ಒಂದು ಸ್ಟ್ರಾಂಗ್ ಬಾಟಲಿಯಲ್ಲಿರುವುದು 41 ಗ್ರಾಂ ಆಲ್ಕೋಹಾಲ್, ಅಂದರೆ ನಾಲ್ಕು ಸಣ್ಣ ಪೆಗ್. ಬಿಯರ್ ಹಗುರ ಎಂಬ ನಂಬಿಕೆಗೆ ಇಲ್ಲಿ ಆಧಾರವಿಲ್ಲ. ಬೆಟ್ಟದ ಸುಮಾರು ಸಾವಿರ ಮೆಟ್ಟಿಲು ಹತ್ತಲು ನಿಮ್ಮ ತೂಕದವರಿಗೆ ಖರ್ಚಾಗುವುದು 150 ಕ್ಯಾಲರಿ. ಎರಡು ಬಾಟಲಿಗೆ ಐದು ಸಲ ಹತ್ತಬೇಕು. ಮೇಲಾಗಿ ಭಾನುವಾರ ಬೆಳಿಗ್ಗೆ ದೇಹದಲ್ಲಿ ನೀರು ಕಡಿಮೆ ಇರುತ್ತದೆ, ನಿದ್ದೆ ಒಡೆದಿರುತ್ತದೆ. ಆ ಸ್ಥಿತಿಯಲ್ಲಿ ಬಿಸಿಲೇರಿದ ಮೇಲೆ ಮೆಟ್ಟಿಲು ಹತ್ತುವುದು ಬೇಡ.

ಮಧ್ಯಾಹ್ನ ಬೇಳೆ, ಮೊಟ್ಟೆ ಅಥವಾ ಕೋಳಿ ಇರುವ ಪೂರ್ತಿ ಊಟ ಮಾಡಿ. ಸ್ಟ್ರಾಂಗ್ ಬಿಟ್ಟು ಶೇ. 5ರ 330ರ ಸಣ್ಣ ಬಾಟಲಿ ಒಂದು (ಸುಮಾರು 140 ಕ್ಯಾಲರಿ), ಬೇಕೇಬೇಕೆಂದರೆ ಎರಡು, ನಡುವೆ ಒಂದು ದೊಡ್ಡ ಲೋಟ ನೀರು. ಭಾರ ಎತ್ತುವ ವ್ಯಾಯಾಮ ಶನಿವಾರ ಸಂಜೆಗೆ ಇಟ್ಟುಕೊಳ್ಳಬೇಡಿ. ವ್ಯಾಯಾಮದ ನಂತರ ಹೆಚ್ಚು ಕುಡಿದರೆ ಸ್ನಾಯು ದುರಸ್ತಿ ನಿಧಾನವಾಗುತ್ತದೆ, ಪಟ್ಟ ಶ್ರಮದ ಒಂದು ಪಾಲು ವ್ಯರ್ಥ.

ಪಾರ್ಟಿಯ ಮರುದಿನ ಬೆಳಿಗ್ಗೆ ತೂಕ ನೋಡಿದರೆ ಒಂದು ಕೆ.ಜಿ. ಕಡಿಮೆ ತೋರಿಸುತ್ತೆ. ಎರಡು ದಿನ ಬಿಟ್ಟು ನೋಡಿದರೆ ಜಾಸ್ತಿ. ತಕ್ಕಡಿ ಕೆಟ್ಟಿದೆಯಾ? (ಶ್ರೀರಂಗಪಟ್ಟಣ)

ತಕ್ಕಡಿ ಸರಿಯಾಗಿದೆ. ನೀರನ್ನು ಹಿಡಿದಿಡುವ ಹಾರ್ಮೋನನ್ನು ಆಲ್ಕೋಹಾಲ್ ತಡೆಯುವುದರಿಂದ ಮೂತ್ರ ಹೆಚ್ಚು ಹೋಗಿ ಬೆಳಿಗ್ಗೆ ತೂಕ ಇಳಿದಂತೆ ಕಾಣುತ್ತದೆ. ಆಮೇಲೆ ಕುಡಿದ ನೀರನ್ನು ಹಿಂದಿನ ರಾತ್ರಿಯ ಮಿಕ್ಸ್ಚರ್, ಚಿಪ್ಸಿನ ಉಪ್ಪು ಹಿಡಿದಿಟ್ಟು ತೂಕ ಏರಿಸುತ್ತದೆ. ಎರಡೂ ಕೊಬ್ಬಲ್ಲ. ವಾರದಲ್ಲಿ ಮೂರು ದಿನ ಬೆಳಿಗ್ಗೆ ಶೌಚ ಮುಗಿಸಿ ತಿಂಡಿಗೆ ಮುಂಚೆ ತೂಗಿ, ಸರಾಸರಿ ತೆಗೆದು, ಆ ಸರಾಸರಿಯನ್ನು ಮುಂದಿನ ವಾರದ ಸರಾಸರಿಗೆ ಹೋಲಿಸಿ.

ಸ್ಕ್ಯಾನಿಂಗಿನಲ್ಲಿ ಫ್ಯಾಟಿ ಲಿವರ್ ಗ್ರೇಡ್ 1 ಬಂದಿದೆ. ವಾರಕ್ಕೆ ಎರಡು ಮೂರು ಸಲ ಕುಡಿಯುವವನು. ತೂಕ ಇಳಿಸಿದರೆ ಸಾಕೋ, ಕುಡಿತವನ್ನೂ ಬಿಡಬೇಕೋ? (ಸರಸ್ವತಿಪುರಂ, ಮೈಸೂರು)

ಎರಡೂ ಬೇಕು, ಮತ್ತು ಮೊದಲು ಬಿಡಬೇಕಾದ್ದು ಕುಡಿತ. ಹೊಟ್ಟೆಯ ಬೊಜ್ಜು, ಕುಡಿತ ಎರಡೂ ಒಟ್ಟಿಗೆ ಇದ್ದಾಗ ಲಿವರಿಗೆ ಆಗುವ ಹಾನಿ ಇನ್ನೂ ಹೆಚ್ಚು. ಸಮಾಧಾನದ ಸಂಗತಿ ಎಂದರೆ ಈ ಹಂತ ವಾಪಸ್ ಬರುವಂಥದ್ದು. ಕುಡಿತದಿಂದ ತುಂಬಿದ ಕೊಬ್ಬು ಪೂರ್ತಿ ನಿಲ್ಲಿಸಿದ ಕೆಲವೇ ವಾರಗಳಲ್ಲಿ ಇಳಿಯತೊಡಗುತ್ತದೆ. ತೂಕದ ಶೇ. 7ರಿಂದ 10ರಷ್ಟು ಕಳೆದರೆ, ಅಂದರೆ 80 ಕೆ.ಜಿ.ಯವರು 6ರಿಂದ 8 ಕೆ.ಜಿ. ಇಳಿಸಿದರೆ, ಉರಿಯೂತವೂ ತಗ್ಗುತ್ತದೆ. ಮೂರು ತಿಂಗಳು ಒಂದು ಹನಿಯೂ ಮುಟ್ಟದೆ ಲಿವರ್ ಪರೀಕ್ಷೆ, ಟ್ರೈಗ್ಲಿಸರೈಡ್, ಸಕ್ಕರೆ ಮತ್ತೆ ಮಾಡಿಸಿ. ಹೋಲಿಕೆಗೆ ಈಗಿನ ವರದಿಯನ್ನು ಜೋಪಾನವಾಗಿಡಿ. ಲಿವರ್ ಸ್ವಚ್ಛ ಮಾಡುವ ಪುಡಿ, ಕಷಾಯ ಎಂದು ಮಾರುವುದನ್ನು ಕೊಳ್ಳಬೇಡಿ. ಕೆಲವು ಗಿಡಮೂಲಿಕೆ ಮಿಶ್ರಣಗಳೇ ಲಿವರಿಗೆ ಹಾನಿ ಮಾಡುತ್ತವೆ.

ನಮ್ಮ ಯಜಮಾನರಿಗೆ 52 ವರ್ಷ. ಶುಗರ್ ಇದೆ, ಮಾತ್ರೆ ತಗೋತಾರೆ. ಹೊಟ್ಟೆ ಬಂದಿದೆ, ಕೈಕಾಲು ಸಣ್ಣ ಆಗಿವೆ. ದಿನಾ ಕುಡೀತಾರೆ, ಈಚೆಗೆ ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುತ್ತೆ ಅಂತ ಒಂದು ತೊಂಬತ್ತು ಹಾಕ್ತಾರೆ. ಡಾಕ್ಟ್ರು ತೂಕ ಇಳಿಸಿ ಅಂದಿದ್ದಾರೆ. ಈ ಸಲ ಅಯ್ಯಪ್ಪನ ಮಾಲೆ ಹಾಕಿ ಅವತ್ತಿಂದಲೇ ನಿಲ್ಲಿಸ್ತೀನಿ ಅಂತಿದ್ದಾರೆ. ಊಟ ಹೇಗಿರಬೇಕು ಹೇಳಿ. (ಮದ್ದೂರು ತಾಲ್ಲೂಕು)

ಅಮ್ಮಾ, ಊಟದ ವಿಚಾರ ಆಮೇಲೆ. ಅವರು ಬಿಡುವ ಮನಸ್ಸು ಮಾಡಿರುವುದು ದೊಡ್ಡದು, ಮಾಲೆಯ ನಿಷ್ಠೆ ಅದಕ್ಕೆ ಬಲವನ್ನೂ ಕೊಡುತ್ತದೆ. ಆದರೆ ಬೆಳಿಗ್ಗೆ ಕೈ ನಡುಗಿ, ಕುಡಿದರೆ ನಿಲ್ಲುತ್ತದೆ ಎಂದರೆ ದೇಹ ಆಲ್ಕೋಹಾಲಿಗೆ ಅಂಟಿಕೊಂಡಿದೆ. ಅಂಥವರು ವೈದ್ಯರಿಗೆ ತೋರಿಸದೆ ಒಂದೇ ದಿನಕ್ಕೆ ನಿಲ್ಲಿಸುವುದು ಪ್ರಾಣಕ್ಕೇ ಅಪಾಯ.

ನಿಲ್ಲಿಸಿದ 6 ಗಂಟೆಯಿಂದ ನಡುಕ, ಬೆವರು, ವಾಂತಿ, ನಿದ್ದೆಗೇಡು ಶುರುವಾಗಬಹುದು. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಇಲ್ಲದ್ದು ಕಾಣುವುದು, ಯಾರೋ ಬಂದರು ಎನ್ನುವುದು, ದಿಕ್ಕು ತಪ್ಪಿ ಮಾತಾಡುವುದು, ಜ್ವರ. ಇದನ್ನು ಗಾಳಿ ಸೋಂಕು, ವ್ರತಭಂಗದ ಫಲ ಎಂದುಕೊಂಡು ಮನೆಯಲ್ಲಿ ಇಟ್ಟುಕೊಳ್ಳಬೇಡಿ, ತಕ್ಷಣ 108ಕ್ಕೆ ಕರೆ ಮಾಡಿ. ಈ ಸ್ಥಿತಿಗೆ ಔಷಧವಿದೆ, ಆಸ್ಪತ್ರೆಯಲ್ಲಿ ಮೊದಲೇ ಶುರು ಮಾಡಿದರೆ ಇಷ್ಟು ದೂರ ಹೋಗುವುದಿಲ್ಲ. ಮಾಲೆಗೆ ಹತ್ತು ಹದಿನೈದು ದಿನ ಮುಂಚೆಯೇ ಮಂಡ್ಯದ ಮಿಮ್ಸ್ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಕರೆದುಕೊಂಡು ಹೋಗಿ. ಅಲ್ಲಿಯವರೆಗೆ ಮನೆಯವರು ಬಾಟಲಿ ಬಚ್ಚಿಟ್ಟು ಒಮ್ಮೆಲೇ ನಿಲ್ಲಿಸಲು ಹೋಗಬೇಡಿ. ಫೋನಿನಲ್ಲಿ ಸಲಹೆ ಬೇಕಿದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮಾನಸ್ ಸಂಖ್ಯೆ 14416, ವ್ಯಸನ ಬಿಡಿಸುವ ಸಹಾಯವಾಣಿ 14446. ಎರಡೂ ಉಚಿತ.

ಶುಗರ್ ಮಾತ್ರೆಯ ಚೀಟಿಯನ್ನೂ ಒಯ್ಯಿರಿ. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಬಿಟ್ಟು ಕುಡಿದರೆ ಸಕ್ಕರೆ ದಿಢೀರ್ ಇಳಿದು ಪ್ರಜ್ಞೆ ತಪ್ಪಬಹುದು. ನೋಡಿದವರು ಅಮಲು ಎಂದುಕೊಂಡು ಮಲಗಿಸಿಬಿಡುತ್ತಾರೆ, ಅಲ್ಲೇ ಅನಾಹುತವಾಗುವುದು. ಮೆಟ್ಫಾರ್ಮಿನ್ ಜೊತೆ ವಿಪರೀತ ಕುಡಿತವೂ ಅಪಾಯಕಾರಿ. ವರ್ಷಗಟ್ಟಲೆ ಕುಡಿದವರಲ್ಲಿ ಥಯಮಿನ್ ಎಂಬ ಬಿ1 ಜೀವಸತ್ವ ಬತ್ತಿಹೋಗಿರುತ್ತದೆ, ಅದನ್ನು ವೈದ್ಯರು ಸಾಮಾನ್ಯವಾಗಿ ಚುಚ್ಚುಮದ್ದಾಗಿ ಕೊಡುತ್ತಾರೆ.

ಕೈಕಾಲು ಸಣ್ಣವಾಗಿ ಹೊಟ್ಟೆ ಮಾತ್ರ ಬಂದಿದೆ ಎಂದಿದ್ದೀರಿ. ಅದು ಬೊಜ್ಜೋ, ಲಿವರ್ ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬಿರುವುದೋ ಎಂದು ಸ್ಕ್ಯಾನ್ ಮಾಡಿ ನೋಡಲೇಬೇಕು. ನೀರಾಗಿದ್ದರೆ ಊಟ ಕಡಿಮೆ ಮಾಡುವುದು ತಪ್ಪು; ಅವರಿಗೆ ಕಾಳು, ಮೊಸರು, ಹಾಲಿನಿಂದ ಹೆಚ್ಚು ಪ್ರೋಟೀನ್, ಕಡಿಮೆ ಉಪ್ಪು ಬೇಕಾಗುತ್ತದೆ. ಮಾಲೆಯ ದಿನಗಳಲ್ಲಿ ಒಪ್ಪೊತ್ತು ಉಣ್ಣುವ ನಿಯಮ ಅವರಿಗೆ ಬೇಡ, ಮೂರು ಹೊತ್ತೂ ಉಣ್ಣಲಿ.

ನಮ್ಮ ಕಡೆ ಬೀಗರ ಊಟ ಅಂದರೆ ಗುಂಡು ಇಲ್ಲದೆ ಆಗಲ್ಲ. ತಿಂಗಳಿಗೆ ಎರಡಾದರೂ ಇರುತ್ತೆ. ಬೇಡ ಅಂದರೆ ಬೇಜಾರು ಮಾಡ್ಕೋತಾರೆ. ಡಯಟ್ ಕೆಡದಂಗೆ ಹೆಂಗೆ ಸುಧಾರಿಸೋದು? (ಪಾಂಡವಪುರ)

ಬೀಗರ ಊಟದಲ್ಲಿ ಮುದ್ದೆ ನಿಮ್ಮ ಶತ್ರುವಲ್ಲ. 100 ಗ್ರಾಂ ಹಿಟ್ಟಿನ ದೊಡ್ಡ ಮುದ್ದೆಗೆ 320 ಕ್ಯಾಲರಿ, ಹೊಟ್ಟೆಯೂ ತುಂಬುತ್ತದೆ. ಕೆಡುವುದು ಊಟಕ್ಕೆ ಮುಂಚಿನ ಎರಡು ಗಂಟೆಯಲ್ಲಿ, ಎಲೆ ಹಾಕುವುದನ್ನು ಕಾಯುತ್ತಾ ಬರಿ ಹೊಟ್ಟೆಯಲ್ಲಿ ಗ್ಲಾಸು ಹಿಡಿದು ಕೂತಾಗ. ಮನೆಯಿಂದ ಹೊರಡುವಾಗ ಒಂದು ಬಟ್ಟಲು ಮೊಸರನ್ನವೋ ಎರಡು ಮೊಟ್ಟೆಯೋ ತಿಂದಿರಿ. ಅಲ್ಲಿ ಮೊದಲ ಗ್ಲಾಸನ್ನು ನೀವೇ ಬಗ್ಗಿಸಿಕೊಳ್ಳಿ: 30 ಮಿ.ಲೀ., ಮೇಲೆ ತುಂಬ ಸೋಡಾ, ನಿಂಬೆ. ಗ್ಲಾಸು ಪೂರ್ತಿ ಖಾಲಿಯಾಗುವವರೆಗೆ ಯಾರೂ ಮೇಲೆ ಸುರಿಯಲು ಬಿಡಬೇಡಿ. ಅರ್ಧ ಗ್ಲಾಸಿಗೆ ಸುರಿಯುತ್ತಾ ಹೋದರೆ ಎಷ್ಟಾಯಿತೆಂಬ ಲೆಕ್ಕ ಯಾರಿಗೂ ಸಿಗುವುದಿಲ್ಲ. ಎರಡನೆಯದು ಬರೀ ಸೋಡಾ ನಿಂಬೆ. ನೋಡುವವರಿಗೆ ವ್ಯತ್ಯಾಸ ಕಾಣದು. ಎಲೆಯ ಮುಂದೆ ಮುದ್ದೆ, ಮಾಂಸದ ತುಂಡು, ತಿಳಿ ಸಾರು ಧಾರಾಳವಾಗಿ ಉಣ್ಣಿ. ಬೋಟಿ ಗೊಜ್ಜು, ಫ್ರೈಗಳಲ್ಲಿ ತೇಲುವ ಎಣ್ಣೆ ಬಿಡಿ, ಮುದ್ದೆ ಉಂಡ ಮೇಲೆ ಬಿರಿಯಾನಿ ಹಾಕಿಸಿಕೊಳ್ಳಬೇಡಿ.

ಬೇಡ ಎನ್ನಲು ನೆಪ ಬೇಕಿದ್ದರೆ ಗಾಡಿ ಓಡಿಸಬೇಕು ಎನ್ನಿ. 100 ಮಿ.ಲೀ. ರಕ್ತದಲ್ಲಿ 30 ಮಿಲಿಗ್ರಾಂ ಆಲ್ಕೋಹಾಲ್ ಮೀರಿದರೆ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. 60 ಮಿ.ಲೀ. ವಿಸ್ಕಿ ಸಾಕು ಆ ಮಿತಿ ದಾಟಲು.